ರತ್ನಕ್ಕನ ಪಾಲಿನ ಬೀಡಿ

ಬೀಡಿ ಕಟ್ಟುವವಳಿಗೆ ಕಾದಂಬರಿ ಎಂತಕ್ಕೆ ಎಂದು ಕೇಳಿದವರಿಗೆಲ್ಲ ನಾನು ಈ ಕತೆ ಹೇಳುತ್ತೇನೆ. ನಮ್ಮ ಕುದ್ರೋಳಿಯ ರತ್ನಾವತಿ, ನಮಗೆಲ್ಲ ರತ್ನಕ್ಕ, ಕಲಿತದ್ದು ಏಳನೇ ಕ್ಲಾಸು. ೧೯೭೮ರಲ್ಲಿ ಅವಳ ಕಾದಂಬರಿ ಒಂದು ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುತ್ತಿತ್ತು. ಬೀಡಿ ಕಟ್ಟುವಾಗ ಕೈಗೆ ಕೆಲಸ, ತಲೆ ಖಾಲಿ. ಕತೆ ಬಂದು ಕೂತುಕೊಳ್ಳುವುದು ಆಗಲೇ ಎನ್ನುತ್ತಿದ್ದಳು.

ಅವಳ ಜಗಲಿಯಲ್ಲಿ ಅವಳೂ ಸೇರಿ ನಾವು ಆರು ಹೆಂಗಸರು ಕೂತು ಕಟ್ಟುತ್ತಿದ್ದೆವು. ಒಬ್ಬಳು ಪತ್ರಿಕೆ ಓದುವುದು, ಅವಳ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುವುದು, ಇದು ನಮ್ಮ ಕ್ರಮ.

ಅವಳ ಕಾದಂಬರಿಯಲ್ಲೊಬ್ಬ ಕಂಟ್ರಾಕ್ಟರ್ ಇದ್ದ. ಒಳ್ಳೆಯ ಬೀಡಿಯನ್ನೂ ಕೆಟ್ಟದ್ದೆಂದು ಪಕ್ಕಕ್ಕೆ ಹಾಕಿ, ಮಜೂರಿ ಕೊಡದೆ ಮನೆಗೆ ಒಯ್ಯುತ್ತಿದ್ದ. ಅವನಿಗೆ ಹೆಸರೇ ಇರಲಿಲ್ಲ. ಆದರೂ ನಮಗೆ ಎಲೆ, ಹೊಗೆಸೊಪ್ಪು ಕೊಟ್ಟು ಕಟ್ಟಿದ ಬೀಡಿ ಎಣಿಸಿ ಒಯ್ಯುವ ಕಂಟ್ರಾಕ್ಟರ್ ಗುಣಪಾಲನಿಗೆ ಉರಿ ಹತ್ತಿತು. ದಿನಾ ಮಾಡುವಾಗ ಇಲ್ಲದ ನಾಚಿಕೆ ಅಚ್ಚಿನಲ್ಲಿ ಕಂಡಾಗ ಬಂತು ನೋಡಿ! ಬರೆಯುವುದನ್ನು ನಿಲ್ಲಿಸುವವರೆಗೆ ರತ್ನಕ್ಕನಿಗೆ ಎಲೆಯೂ ಇಲ್ಲ, ಹೊಗೆಸೊಪ್ಪೂ ಇಲ್ಲ ಎಂದುಬಿಟ್ಟ.

ಎಲೆ ಸಿಗದಿದ್ದರೆ ಅವಳ ಮನೆಯ ಒಲೆ ಉರಿಯುವುದಿಲ್ಲ. ನಾನು ಹೆದರಿ, ಸ್ವಲ್ಪ ದಿನ ಬರೆಯುವುದು ಬಿಡು ಅಕ್ಕ ಎಂದೆ.

"ಈಗ ಬಿಟ್ಟರೆ ಮತ್ತೆ ಯಾವಾಗಲೂ ಅವನನ್ನು ಕೇಳಿಯೇ ಬರೀಬೇಕಾಗ್ತದೆ, ರಹ್ಮತ್," ಎಂದಳು.

ಬಿಡು ಎಂದದ್ದಕ್ಕೆ ನನಗೇ ನಾಚಿಕೆಯಾಯಿತು. ಮರುದಿನದಿಂದ ಓದುವ ಕೆಲಸಕ್ಕೆ ಅವಳನ್ನೇ ಕೂರಿಸಿದೆವು. ನಮ್ಮ ನಮ್ಮ ಎಲೆಯಲ್ಲೇ ಅವಳ ಪಾಲನ್ನೂ ಕಟ್ಟಿ, ಆ ಮಜೂರಿಯನ್ನು ಅವಳಿಗೆ ಕೊಟ್ಟೆವು. ಕಟ್ಟಿದವಳ ಹೆಸರು ಬೀಡಿಯ ಮೇಲೆ ಇರುತ್ತದೆಯೇ? ಗುಣಪಾಲನಿಗೆ ಗೊತ್ತಾಗುವಾಗ ಮೂರು ತಿಂಗಳು ಕಳೆದಿತ್ತು.

ಒಂದು ಶನಿವಾರ ಮಧ್ಯಾಹ್ನ ಬೈಯಲೆಂದೇ ಅಂಗಳಕ್ಕೆ ಬಂದ. ರತ್ನಕ್ಕ ತನ್ನ ಕಾದಂಬರಿಯ ಆ ವಾರದ ಕಂತು ಓದುತ್ತಿದ್ದವಳು ನಿಲ್ಲಿಸಲಿಲ್ಲ. ಅವನು ನಿಂತಲ್ಲೇ ನಿಂತು ಅಧ್ಯಾಯ ಮುಗಿಯುವವರೆಗೂ ಕೇಳಿದ. ಬೈಗುಳ ಎಲ್ಲಿ ಹೋಯಿತೋ, "ಕೊನೆಗೆ ಅವನಿಗೆ ಎಂತ ಆಗ್ತದೆ?" ಎಂದು ಕೇಳಿದ.

"ಕೊನೆಯದ್ದು ಇನ್ನೂ ಬರೆದಿಲ್ಲ ಗುಣಪಾಲಣ್ಣ. ಅವನು ಎಂತ ಮಾಡ್ತಾನೆ ನೋಡಿ ಬರೀತೇನೆ."

ಸೋಮವಾರ ಅವಳ ಹೆಸರಿಗೆ ಎಲೆ ಬಂತು. ಆ ದಿನ ಕೆಟ್ಟದ್ದೆಂದು ಪಕ್ಕಕ್ಕೆ ಹಾಕಿದ್ದ ಬೀಡಿಯನ್ನು ನಮ್ಮ ಕಣ್ಣೆದುರೇ ಮತ್ತೆ ನೋಡಿ, ಒಳ್ಳೆಯದಕ್ಕೆಲ್ಲ ಮಜೂರಿ ಕೊಟ್ಟ. ನಮ್ಮ ಖುಷಿ ಕೇಳಬೇಡಿ. ಇನ್ನು ಕಾದಂಬರಿಯಲ್ಲಿ ತನ್ನನ್ನು ಧರ್ಮಾತ್ಮನನ್ನಾಗಿ ಮಾಡುತ್ತಾಳೆ ಎಂದು ಗುಣಪಾಲ ಕಾದ. ಕೊನೆಯ ಕಂತು ಬಂದ ದಿನ ಪತ್ರಿಕೆಯನ್ನು ತಾನೇ ಕೊಂಡು ತಂದು, ಓದು ಎಂದು ನನ್ನ ಕೈಗೆ ಕೊಟ್ಟ.

ಕಂಟ್ರಾಕ್ಟರ್ ಸರಿಯಾದ ಮಜೂರಿ ಕೊಟ್ಟ ಎಂದು ರತ್ನಕ್ಕ ಬರೆದಿದ್ದಳು. ಆರು ಹೆಂಗಸರಿಗೆ ಹೆದರಿ ಕೊಟ್ಟ ಎಂದೂ ಬರೆದಿದ್ದಳು. ಆ ಸಾಲನ್ನು ನಾನು ಎರಡು ಸಲ ಗಟ್ಟಿಯಾಗಿ ಓದಿದೆ. ಆ ದಿನ ನನ್ನ ಪಾಲಿನ ಬೀಡಿಯನ್ನು ರತ್ನಕ್ಕ ಕಟ್ಟಿದಳು.