ಗೋಡೆ ಡಾಕ್ಟರ್ ಮನೆಯ ಜಾಕಿ

ಊರವರು ಅವನನ್ನು ಗೋಡೆ ಡಾಕ್ಟರ್ ಎನ್ನುತ್ತಿದ್ದರು. ಹಳೆಯ ಮನೆಗಳ ಗೋಡೆ ಕೊರೆದು ಹೊಸ ಬಾಗಿಲಿಡುವುದು ಅವನ ಕಸುಬು. ಬೆರಳ ಗೆಣ್ಣಿನಿಂದ ತಟ್ಟಿ, ತೊಲೆ ಎಲ್ಲಿ ಕೂತಿದೆಯೆಂದು ತಲೆಯೆತ್ತಿ ನೋಡಿ, ಇದು ಬರೀ ಮರೆಗೆ ನಿಂತದ್ದು, ಇದು ಸೂರು ಹೊತ್ತದ್ದು ಎಂದು ಹೇಳಿಬಿಡುತ್ತಿದ್ದ. ಸೂರು ಹೊತ್ತ ಗೋಡೆಯಾದರೆ ತೊಲೆಗೆ ಆಸರೆಯಾಗಿ, ತಿರುವಿದರೆ ಮೇಲೇಳುವ ಕಬ್ಬಿಣದ ಜಾಕಿ ಊರಿ, ಗೋಡೆ ಕೊರೆದು, ಬಾಗಿಲ ಮೇಲ್ಗಡೆ ಕಾಂಕ್ರೀಟಿನ ಲಿಂಟಲ್ ಕೂರಿಸುತ್ತಿದ್ದ. ಲಿಂಟಲ್ ಗಟ್ಟಿಯಾದ ಮೇಲೆ ಜಾಕಿ ಬಿಚ್ಚುವಾಗ ಮನೆಯವರನ್ನೆಲ್ಲ ಹೊರಗೆ ಕಳಿಸಿ ತಾನೊಬ್ಬನೇ ಅಡಿಯಲ್ಲಿ ನಿಲ್ಲುತ್ತಿದ್ದ. ಎದೆ ಒಮ್ಮೆಯೂ ಅಳುಕಿದ್ದಿಲ್ಲ.

ಅಳುಕಿದ್ದು ಸ್ವಂತ ಮನೆಯಲ್ಲಿ. ಸೊಂಟ ಮುರಿದು ಮಲಗಿದ್ದ ಅತ್ತೆಯ ಕೋಣೆಗೂ ಅಡುಗೆಮನೆಗೂ ನಡುವೆ ದಪ್ಪನೆಯ ಗೋಡೆಯಿತ್ತು. ಅತ್ತೆಯ ದನಿ ಸಣ್ಣದು. ಒಂದು ಮಧ್ಯಾಹ್ನ ಅವರು ನೀರಿಗಾಗಿ ಕೂಗಿ ಕೂಗಿ ಸೋತಿದ್ದರು; ಗೋಡೆಯಾಚೆ ಪಾತ್ರೆ ತೊಳೆಯುತ್ತಿದ್ದ ಮಗಳಿಗೆ, ಅಂದರೆ ಅವನ ಹೆಂಡತಿಗೆ, ಕೇಳಿಸಿರಲಿಲ್ಲ. ಊರಿನ ಗೋಡೆಗೆಲ್ಲ ಬಾಗಿಲಿಡುವ ಮಹಾಶಯರಿಗೆ ಮನೆಯದು ಕಾಣುವುದಿಲ್ಲವೇ ಎಂದು ಅವಳು ಹಟ ಹಿಡಿದಳು.

ಬಾಗಿಲೇನೋ ಆಯಿತು. ಲಿಂಟಲ್ ಗಟ್ಟಿಯೂ ಆಯಿತು. ಜಾಕಿ ಬಿಚ್ಚಲು ಮಾತ್ರ ಅವನು ಇವತ್ತು ಬೇಡ, ನಾಳೆ ಎನ್ನುತ್ತಲೇ ಇದ್ದ. ಹೆಂಡತಿ ಜಾಕಿಗೆ ಟೀ ಸೋಸುವ ಜರಡಿ ನೇತುಹಾಕತೊಡಗಿದಳು. ಅಷ್ಟರಲ್ಲಿ ತೊಲೆಯ ಕೆಳಗೆ ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ತೊಲೆ ಕುಸಿಯುತ್ತಿದೆ ಎಂದುಕೊಂಡ ಅವನು. ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಜಾಕಿಯನ್ನು ಒಂದಿಷ್ಟು ಬಿಗಿಸಿ ಹೋಗುತ್ತಿದ್ದ. ಬಿರುಕು ಬೆಳೆಯಿತು. ಕೊನೆಗೆ ಬಾಗಿಲನ್ನೇ ಮುಚ್ಚಿಬಿಡೋಣವೆಂದು ಇಟ್ಟಿಗೆ ತರಿಸಿದ. ಹೆಂಡತಿ ಮಾತು ಬಿಟ್ಟಳು.

ಇಟ್ಟಿಗೆ ಇಳಿಸಿದ ದಿನ ಅತ್ತೆ ಅವನನ್ನು ಮಂಚದ ಬಳಿ ಕರೆದರು.

"ಅಳಿಯಂದಿರೇ, ನನಗಿನ್ನೇನು ಕೆಲಸ, ದಿನವಿಡೀ ಸೂರು ನೋಡ್ತಾ ಬಿದ್ದಿರ್ತೀನಿ. ಆ ಬಿರುಕು ತನ್ನ ಪಾಡಿಗೆ ತೆಪ್ಪಗಿರತ್ತೆ. ನೀವು ಬಂದು ಜಾಕಿ ಕಿವಿ ಹಿಂಡಿದಾಗಲೇ ಅದು ಬಾಯಿ ಬಿಡೋದು."

ಅವನು ತಲೆಯೆತ್ತಿ ನೋಡುತ್ತ ನಿಂತ. ತೊಲೆ ಕುಸಿದೇ ಇರಲಿಲ್ಲ. ಹೆದರಿ ಹೆದರಿ ಅವನೇ ಅದನ್ನು ಮೇಲಕ್ಕೆ ನೂಕಿದ್ದ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಕೆಲಸದಿಂದಲೇ ಓಡಿಸುತ್ತಿದ್ದ.

"ಅತ್ತೆ, ಮಂಚ ಆಚೆ ಸರಿಸ್ತೀನಿ."

"ಬೇಡಿ, ಸೊಂಟ ಅಲ್ಲಾಡತ್ತೆ. ಬಿದ್ರೆ ನನ್ನ ಮೇಲೆ ತಾನೇ? ಮುರಿಯೋಕೆ ಇನ್ನೇನೂ ಉಳಿದಿಲ್ಲ."

ಅವನು ಜರಡಿ ತೆಗೆದು ಹೆಂಡತಿಯ ಕೈಗಿತ್ತ. ಜಾಕಿಯನ್ನು ಒಂದಿಷ್ಟು ಸಡಿಲಿಸಿ ಕಾದ, ಮತ್ತೊಂದಿಷ್ಟು ಸಡಿಲಿಸಿ ಕಾದ. ಬಿರುಕು ಸದ್ದಿಲ್ಲದೆ ಕೂಡಿಕೊಂಡಿತು. ಜಾಕಿ ಹಗುರವಾಗಿ ಕೈಗೆ ಬಂತು.

ಹೆಂಡತಿ ಒಲೆಯ ಮೇಲೆ ಟೀಗೆ ಇಟ್ಟಳು. ಮಂಚದಿಂದ ಸಣ್ಣ ದನಿ ಬಂತು: ಸಕ್ಕರೆ ಸ್ವಲ್ಪ ಮುಂದಿರಲಿ.

"ಕೇಳಿಸ್ತಮ್ಮ," ಎಂದಳು ಅವಳು, ತಿರುಗದೆ.