ಗಾಳಿಯನ್ನು ಕೇಳುತ್ತಿದ್ದ ಮೆಕ್ಯಾನಿಕ್

ಹಿರಿಯೂರಿನ ಹೆದ್ದಾರಿ ಪಕ್ಕದ ಆ ಮೆಕ್ಯಾನಿಕ್ ಸ್ಪ್ಯಾನರ್ ಮುಟ್ಟುವ ಮೊದಲು ಎರಡೂ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡು, "ಮೊದ್ಲು ಗಾಳೀನ ಕೇಳಾಣ" ಎನ್ನುತ್ತಿದ್ದರು.

ನನ್ನ ಹಳೆಯ ಸ್ಪೋರ್ಟ್ಸ್ ಕಾರು ಚಿತ್ರದುರ್ಗದ ಕಡೆಯ ಏರು ಹತ್ತುವಾಗಲೆಲ್ಲ ಕುದಿಯುತ್ತಿತ್ತು. ಇನ್ನೊಮ್ಮೆ ಕುದಿದರೆ ಎಂಜಿನ್ ಉಳಿಯುವುದಿಲ್ಲ ಎಂದು ನೋಡಿದವರೆಲ್ಲ ಹೇಳಿದ್ದರು. ದೊಡ್ಡ ರೇಡಿಯೇಟರ್ ಮತ್ತು ಗಾಳಿಯಿಂದ ಎಂಜಿನ್ ಎಣ್ಣೆ ತಣಿಸುವ ಆಯಿಲ್ ಕೂಲರ್ ತರಿಸಿ ಅವರ ಮುಂದಿಟ್ಟೆ. ರೇಡಿಯೇಟರನ್ನು ಹಳೆಯದರ ಜಾಗದಲ್ಲೇ ಕೂರಿಸಿದರು. ಕೂಲರ್ ಮಾತ್ರ ನಂಬರ್ ಪ್ಲೇಟಿನ ಹಿಂದೆಯೇ ಇರಬೇಕು, ಅದರ ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಹಾಗೇ ಇದೆ ಎಂದು ನಾನು ಪಟ್ಟು ಹಿಡಿದೆ.

ಅವರು ಕಾರಿನ ಮುಂದೆ ಟೇಬಲ್ ಫ್ಯಾನ್ ಹಚ್ಚಿ, ದೇವರ ಪಟದ ಮುಂದೆ ಉರಿಯುತ್ತಿದ್ದ ಊದಿನಕಡ್ಡಿಯನ್ನೇ ಕಿತ್ತು ತಂದರು. ನಂಬರ್ ಪ್ಲೇಟಿನ ಹಿಂದೆ ಹಿಡಿದಾಗ ಹೊಗೆ ಅಲ್ಲೇ ಗಿರಕಿ ಹೊಡೆಯಿತು. ಬಂಪರಿನ ಎಡಗಡೆ ಕಿಂಡಿಯ ಬಳಿ ಹಿಡಿದಾಗ ಸರ್ರನೆ ಒಳಗೆ ಹೋಯಿತು.

"ಕೂಲರ್ ಇಲ್ಲೇ ಕುಂತ್ಕಳ್ಲಿ ಬಿಡ್ರಿ" ಎಂದರು.

ಮರುದಿನ ನಡುಮಧ್ಯಾಹ್ನ ಇಬ್ಬರೂ ಅದೇ ಏರು ಹತ್ತಿದೆವು. "ನೋಡ್ರಿ, ಟೆಂಪರೇಚರ್ ಮುಳ್ಳು ಅಲ್ಲಾಡೇ ಇಲ್ಲ!" ಎಂದು ಕೂಗಿದೆ. ಅವರು ಕಿಟಕಿಯಿಂದ ಮುಖ ತಿರುಗಿಸಲೇ ಇಲ್ಲ.

"ಮುಳ್ಳು ಈಗ ಹೇಳ್ತೈತೆ. ಊದಿನಕಡ್ಡಿ ನಿನ್ನೇನೇ ಹೇಳಿತ್ತಲ್ರಿ."