ಮರಳುದಿಬ್ಬವನ್ನು ಗುಡುಗಿಸಿದವರು

ಸ್ವೀಡನ್ನಿನ ಲಿಂಕೋಪಿಂಗ್ ಊರಲ್ಲಿ ನಮ್ಮ ಕೆಳಗಿನ ಮನೆಯಲ್ಲಿದ್ದ ಕನ್ನಡದವರೊಬ್ಬರು ಡಾಗಿಸ್‌ನಲ್ಲಿ, ಅಂದರೆ ಪುಟ್ಟ ಮಕ್ಕಳ ಶಿಶುವಿಹಾರದಲ್ಲಿ, ಟೀಚರ್ ಆಗಿದ್ದರು. ಖುಷಿಯಾದರೆ ದೊಡ್ಡವರ ಮುಂದೆಯೂ ಚಪ್ಪಾಳೆ ತಟ್ಟುತ್ತಿದ್ದರು. ಯಾರು ಏನೇ ಹೇಳಲಿ, "ನೋಡೇ ಬಿಡೋಣ ಕಣೇ!" ಎನ್ನುತ್ತಿದ್ದರು.

ಹಾಗೆ ನೋಡೇ ಬಿಡಲು ನಾವಿಬ್ಬರೂ ಒಂದು ಚಳಿಗಾಲ ಸ್ವೀಡಿಷರ ಗುಂಪಿನೊಂದಿಗೆ ನಮೀಬಿಯಾದ ಮರುಭೂಮಿಗೆ ಹೋಗಿ ಟೆಂಟ್ ಕ್ಯಾಂಪಿನಲ್ಲಿ ಇಳಿದೆವು. ಗುಂಪಿನವರು ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಾ ಸುಮ್ಮನೆ ಕುಳಿತಿದ್ದರು.

ಟೀಚರ್‌ಗೆ ಆ ವರ್ಷವೇ ಮಂಡಿಯ ಆಪರೇಷನ್ ಆಗಿತ್ತು. ಆದರೂ ಮರುದಿನ ನನ್ನ ಹೆಗಲು ಹಿಡಿದು, ಉಸ್ಸಪ್ಪಾ ಎನ್ನುತ್ತಾ, ದೊಡ್ಡ ಮರಳುದಿಬ್ಬದ ತುದಿ ಮುಟ್ಟಿದರು. ಇಳಿಯಲು ಮಾತ್ರ ಕಾಲು ಒಪ್ಪಲಿಲ್ಲ. ಗೈಡ್ ಗಾಬರಿಯಾದ. ಇವರು ಮರಳಿನ ಮೇಲೆ ಕುಳಿತು ಜಾರಿಯೇ ಬಿಟ್ಟರು.

ದಿಬ್ಬ ಗುಡುಗಿತು! ಜಾರಿದ ಒಣ ಮರಳು ತಲೆಯ ಮೇಲೆ ವಿಮಾನ ಹಾರಿದಂತೆ ಮೊರೆಯಿತು.

"ಅಯ್ಯೋ, ನಾನೇನೂ ಮಾಡ್ಲಿಲ್ಲ ಕಣೇ!" ಎಂದು ಕೂಗುತ್ತಲೇ ಅವರು ಕೆಳಗೆ ಹೋದರು.

"ಈ ಮರಳು ಹೀಗೇ, ಜಾರಿದರೆ ಸದ್ದು ಮಾಡುತ್ತೆ," ಎಂದು ಗೈಡ್ ನಕ್ಕ. ಮಾತೇ ಆಡದಿದ್ದ ನಿವೃತ್ತ ನ್ಯಾಯಾಧೀಶರೊಬ್ಬರು ಟೋಪಿ ನನಗೆ ಕೊಟ್ಟು, ಕಿರುಚುತ್ತಾ ಜಾರಿದರು. ಅವರ ಹಿಂದೆ ಎಲ್ಲರೂ. ನಾನೂ.

ಸಂಜೆ ಟೀಚರ್ ಮಂಡಿ ತೆಂಗಿನಕಾಯಿಯಷ್ಟು ಊದಿಕೊಂಡಿತ್ತು. ಐಸ್ ಇಡುತ್ತಾ ನಾನು ಗದರಿದೆ.

"ನೋವು ಸ್ವೀಡನ್‌ಗೆ ಹೋದ್ಮೇಲೂ ಇರುತ್ತೆ, ಬಿಡು," ಎಂದರು. "ಆ ಜಡ್ಜ್‌ನ ಕೇಳು, ನಾಳೆ ಎಷ್ಟು ಗಂಟೆಗೆ ಹತ್ತೋದಂತೆ?"